ಕಾಲೇಜಿನ ಕಾವಲು ಗೇಟಿನಿಂದ ಹೊರಬಂದರೆ ಬಡಾವಣೆಗೆ ಭದ್ರತೆ ಸಿಗುತ್ತದೆಯೇ?

ಪ್ರಶ್ನೆ: ಬಡಾವಣೆ ಸಂಘದ ಕಾರ್ಯದರ್ಶಿ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನ ನಗರದ ಅಂಚಿನಲ್ಲಿರುವ ಒಂದು ಬಡಾವಣೆಯ ನಿವಾಸಿಗಳ ಸಂಘಕ್ಕೆ ನಾನು ಕಾರ್ಯದರ್ಶಿ. ನಮ್ಮ ಬಡಾವಣೆಯ ಒಂದು ಮಗ್ಗುಲಿಗೆ ದೊಡ್ಡ ವಿದ್ಯಾಸಂಸ್ಥೆಯೊಂದರ ಕಾಂಪೌಂಡ್ ಇದೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಹದಿನೈದು ವರ್ಷಗಳ ಹಿಂದೆ ಇಲ್ಲಿ ನಿವೇಶನ ಕೊಂಡವರು ಬಹುಪಾಲು ಸರ್ಕಾರಿ ನೌಕರರು ಮತ್ತು ಸಕಲೇಶಪುರ, ಆಲೂರು ಕಡೆಯ ಕಾಫಿ ಬೆಳೆಗಾರರು. ಈಗ ಮೂರು ಮನೆಗೊಂದರಂತೆ ಪಿ.ಜಿ.ಗಳಾಗಿವೆ, ಬೇಕರಿ, ಜೆರಾಕ್ಸ್ ಅಂಗಡಿ, ಸಂಜೆಯ ಗೋಬಿ ಗಾಡಿಗಳು ಬಂದಿವೆ. ಅದರಿಂದ ನಮ್ಮವರಿಗೆ ಬಾಡಿಗೆಯ ಆದಾಯ ಬರುತ್ತಿರುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಳೆದ ಒಂದು ವರ್ಷದಲ್ಲಿ ಎರಡು ಸರಗಳ್ಳತನ, ಮೂರು ಬೈಕ್ ಕಳವು, ಬೀಗ ಹಾಕಿದ್ದ ಒಂದು ಮನೆಯ ಬಾಗಿಲು ಮುರಿದ ಪ್ರಕರಣ ನಡೆದಿದ್ದು, ಬೆಳಗ್ಗೆ ವಾಕಿಂಗ್ ಹೋಗುವ ಹೆಂಗಸರು ಮಾಂಗಲ್ಯವನ್ನು ಸೆರಗಿನೊಳಗೆ ಮುಚ್ಚಿಕೊಂಡು, ಮೂರು ನಾಲ್ಕು ಜನ ಜೊತೆಯಾದ ಮೇಲೆಯೇ ಹೊರಡುತ್ತಾರೆ.

ಕಳೆದ ಭಾನುವಾರ ನಡೆದ ಸಭೆಯಲ್ಲಿ ಒಂದು ಸಲಹೆ ಬಂತು. ಸಂಸ್ಥೆಯಲ್ಲಿ ಮೂರು ಪಾಳಿಯ ಕಾವಲುಗಾರರಿದ್ದಾರೆ, ಅವರದೇ ಒಂದು ಜೀಪು ರಾತ್ರಿಯಿಡೀ ಆವರಣದೊಳಗೆ ಸುತ್ತುತ್ತದೆ. ಅದೇ ಜೀಪು ನಮ್ಮ ನಾಲ್ಕು ಅಡ್ಡರಸ್ತೆಗಳಲ್ಲೂ ಸುತ್ತಿ ಹೋಗಲಿ, ಡೀಸೆಲ್ ಖರ್ಚನ್ನು ಸಂಘ ಭರಿಸಲಿ ಎಂಬುದು ಆ ಸಲಹೆ. ಅದನ್ನು ಮುಂದಿಟ್ಟ ಸದಸ್ಯರ ಮಗ ಅಮೆರಿಕದಲ್ಲಿ ಓದುತ್ತಿದ್ದು, ಅಲ್ಲಿನ ವಿಶ್ವವಿದ್ಯಾಲಯಗಳಿಗೆ ತಮ್ಮದೇ ಪೊಲೀಸರಿದ್ದಾರೆಂದೂ ಅವರು ಸುತ್ತಲಿನ ಬೀದಿಗಳಲ್ಲೂ ಗಸ್ತು ತಿರುಗುವುದರಿಂದ ಆ ಭಾಗ ಸುರಕ್ಷಿತವಾಗಿದೆಯೆಂದೂ ಹೇಳುತ್ತಾನಂತೆ. ಇದಕ್ಕೆ ಇನ್ನೊಬ್ಬ ಹಿರಿಯ ಸದಸ್ಯರು ಬಲವಾಗಿ ಆಕ್ಷೇಪಿಸಿದರು. ಕಳ್ಳ ನಮ್ಮ ರಸ್ತೆ ಬಿಟ್ಟು ಪಕ್ಕದ ಬಡಾವಣೆಗೆ ಹೋಗುತ್ತಾನೆಯೇ ಹೊರತು ಕಸುಬು ಬಿಡುವುದಿಲ್ಲ ಎಂಬುದು ಅವರ ವಾದ. ಮೂರನೆಯವರು, ಕಾಲೇಜಿನ ಕಾವಲುಗಾರ ನಮ್ಮ ಮನೆಯ ಮುಂದೆ ನಿಂತು ನಮ್ಮ ನೆಂಟರನ್ನೇ ಯಾರು ನೀವು ಎಂದು ಕೇಳಿದರೆ ಅದನ್ನು ಒಪ್ಪುತ್ತೀರಾ ಎಂದರು. ಸಭೆ ಅಲ್ಲಿಗೆ ನಿಂತಿತು.

ಮುಂದಿನ ಸಭೆಯೊಳಗೆ ನನಗೆ ತಿಳಿಯಬೇಕಾದದ್ದು ಇಷ್ಟು. ವಿಶ್ವವಿದ್ಯಾಲಯದ ಗಸ್ತಿನಿಂದ ಸುತ್ತಲ ಊರಿಗೆ ನಿಜವಾಗಿ ಪ್ರಯೋಜನವಾಗಿದೆ ಎಂದು ಯಾರಾದರೂ ಅಳೆದು ತೋರಿಸಿದ್ದಾರೆಯೇ? ಆಗಿದ್ದರೆ ಪಕ್ಕದ ಬೀದಿಯವರಿಗೆ ಅದರಿಂದ ತೊಂದರೆಯಾಯಿತೇ? ನಮ್ಮಲ್ಲಿ ಅಂಥದ್ದನ್ನು ಮಾಡಲು ಕಾನೂನು ಎಷ್ಟರ ಮಟ್ಟಿಗೆ ಅವಕಾಶ ಕೊಡುತ್ತದೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ, ಚಿಕ್ಕಮಗಳೂರು

ಮಾನ್ಯ ಕಾರ್ಯದರ್ಶಿಯವರೇ, ನಿಮ್ಮ ಸದಸ್ಯರ ಮಗ ಹೇಳಿದ್ದು ನಿಜ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇರುವವರು ನಾವು ಸೆಕ್ಯುರಿಟಿ ಎಂದು ಕರೆಯುವ ಕಾವಲುಗಾರರಲ್ಲ. ರಾಜ್ಯದ ಕಾನೂನಿನಿಂದ ಮಾನ್ಯತೆ ಪಡೆದ, ಬಂಧಿಸುವ ಅಧಿಕಾರವೂ ಸೊಂಟದಲ್ಲಿ ಪಿಸ್ತೂಲೂ ಇರುವ ಪೊಲೀಸರು. 1894ರಲ್ಲಿ ನ್ಯೂ ಹೇವನ್ ನಗರದ ಇಬ್ಬರು ಪೊಲೀಸರನ್ನು ಯೇಲ್ ವಿಶ್ವವಿದ್ಯಾಲಯಕ್ಕೆಂದೇ ನಿಯೋಜಿಸಿದ್ದನ್ನು ಈ ಪದ್ಧತಿಯ ಮೊದಲು ಎಂದು ಹೇಳುತ್ತಾರೆ. ವಿದ್ಯಾರ್ಥಿಗಳಿಗೂ ಊರಿನವರಿಗೂ ನಡುವೆ ಮತ್ತೆ ಮತ್ತೆ ನಡೆಯುತ್ತಿದ್ದ ಗಲಾಟೆ ಅದಕ್ಕೆ ಹಿನ್ನೆಲೆಯಾಗಿತ್ತು. ಅಂದರೆ ಆ ಪೊಲೀಸರು ಹುಟ್ಟಿದ್ದೇ ಗೇಟಿನ ಒಳಗಿನವರು ಮತ್ತು ಹೊರಗಿನವರ ಜಗಳದ ನಡುವೆ.

ಪರಿಣಾಮವನ್ನು ಅಳೆಯುವುದು ಮೇಲ್ನೋಟಕ್ಕೆ ತೋರುವಷ್ಟು ಸುಲಭವಲ್ಲ. ಅಪರಾಧ ಹೆಚ್ಚಿರುವ ಕಡೆಗೇ ಪೊಲೀಸರನ್ನು ಹೆಚ್ಚಾಗಿ ಹಾಕುತ್ತಾರೆ. ಆದ್ದರಿಂದ ಪೊಲೀಸರ ಸಂಖ್ಯೆಯನ್ನೂ ಅಪರಾಧಗಳ ಸಂಖ್ಯೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಜಿಲ್ಲಾಸ್ಪತ್ರೆಯಲ್ಲಿ ಸಾವು ಹೆಚ್ಚು, ಆದ್ದರಿಂದ ಕಾಯಿಲೆಯವರು ಅಲ್ಲಿಗೆ ಹೋಗಬಾರದು ಎಂಬಂತಹ ತೀರ್ಮಾನ ಬರುತ್ತದೆ. ಇದನ್ನು ದಾಟಲು ಜಾನ್ ಮೆಕ್‌ಡೊನಾಲ್ಡ್, ಜೊನಾಥನ್ ಕ್ಲಿಕ್ ಮತ್ತು ಬೆನ್ ಗ್ರುನ್ವಾಲ್ಡ್ ಎಂಬ ಸಂಶೋಧಕರು ಒಂದು ಜಾಣ ದಾರಿ ಹಿಡಿದರು. ಫಿಲಡೆಲ್ಫಿಯಾ ನಗರದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪೊಲೀಸರು ಆವರಣದ ಹೊರಗೂ ಗಸ್ತು ತಿರುಗುತ್ತಾರೆ, ಆದರೆ ಪಶ್ಚಿಮಕ್ಕೆ 43ನೆಯ ಬೀದಿಗೆ ಬಂದು ನಿಲ್ಲುತ್ತಾರೆ. ಆ ಗೆರೆಯ ಆಚೆ ಈಚೆ ಮನೆಗಳೂ ಜನರೂ ಹೆಚ್ಚುಕಡಿಮೆ ಒಂದೇ ಬಗೆ. ನಗರ ಪೊಲೀಸರು ಎರಡೂ ಕಡೆ ಇದ್ದಾರೆ. ಗೆರೆಯ ಈಚೆ ಬದಿಯಲ್ಲಿ ಮಾತ್ರ ವಿಶ್ವವಿದ್ಯಾಲಯದ ಪೊಲೀಸರು ಹೆಚ್ಚುವರಿಯಾಗಿ ಇದ್ದಾರೆ. ಗೆರೆಯ ಎರಡು ಬದಿಗಳನ್ನು ಹೋಲಿಸಿದಾಗ, ಹೆಚ್ಚುವರಿ ಪೊಲೀಸರಿರುವ ವಸತಿ ಪ್ರದೇಶದಲ್ಲಿ ಅಪರಾಧಗಳು ಸುಮಾರು ಶೇ 45ರಿಂದ 60ರಷ್ಟು ಕಡಿಮೆ ಎಂದು ಕಂಡುಬಂತು. ಅಧ್ಯಯನ ಪ್ರಕಟವಾದದ್ದು 2016ರಲ್ಲಿ.

ಇಲ್ಲಿ ಒಂದು ಮಾತನ್ನು ಸೇರಿಸಲೇಬೇಕು. 1996ರಲ್ಲಿ ಆವರಣದ ಹತ್ತಿರದ ಬೀದಿಯಲ್ಲಿ ಒಬ್ಬ ಸಂಶೋಧಕರ ಕೊಲೆಯಾದ ನಂತರ ಆ ವಿಶ್ವವಿದ್ಯಾಲಯ ಕೇವಲ ಪೊಲೀಸರನ್ನು ಹೆಚ್ಚಿಸಿ ಸುಮ್ಮನಾಗಲಿಲ್ಲ. ಸುತ್ತಲಿನ ಮನೆಗಳ ಮುಂದೆ ದೀಪ ಹಾಕಿಸಿಕೊಳ್ಳುವವರಿಗೆ ಖರ್ಚಿನ ಒಂದು ಪಾಲನ್ನು ಕೊಟ್ಟಿತು. 1997ರಲ್ಲಿ ಇತರ ಸಂಸ್ಥೆಗಳ ಜೊತೆ ಸೇರಿ ಬೀದಿಗಳ ಸ್ವಚ್ಛತೆ ಮತ್ತು ಕಾವಲಿಗೆಂದೇ ಒಂದು ಸಂಸ್ಥೆಯನ್ನು ಕಟ್ಟಿತು. ಆ ಭಾಗದ ಮಕ್ಕಳಿಗಾಗಿ 2001ರಲ್ಲಿ ಒಂದು ಸರ್ಕಾರಿ ಶಾಲೆ ಆರಂಭವಾಗಲು ನೆರವಾಯಿತು. ದೀಪ ಮತ್ತು ಸ್ವಚ್ಛತೆಯ ಕೆಲಸ 43ನೆಯ ಬೀದಿಯ ಆಚೆಗೂ ನಡೆದಿರುವುದರಿಂದ ಗೆರೆಯ ಮೇಲಿನ ವ್ಯತ್ಯಾಸ ಪೊಲೀಸರದ್ದೇ ಎಂದು ನಂಬಲು ಆಧಾರವಿದೆ. ಆದರೆ ಆ ಭಾಗದ ಒಟ್ಟು ಸುಧಾರಣೆಯನ್ನೆಲ್ಲ ಪೊಲೀಸರ ಲೆಕ್ಕಕ್ಕೇ ಬರೆಯುವುದು ತಪ್ಪಾಗುತ್ತದೆ.

ಶಿಕಾಗೊ ವಿಶ್ವವಿದ್ಯಾಲಯದ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿನ ಪೊಲೀಸರ ಸರಹದ್ದನ್ನು ಇನ್ನಷ್ಟು ಬೀದಿಗಳಿಗೆ ವಿಸ್ತರಿಸಿದಾಗ ಕೂಡಲೇ ಯಾವ ಬದಲಾವಣೆಯೂ ಕಾಣಲಿಲ್ಲ. ಬಹಳ ಕಾಲದ ಮೇಲೆ ಗಡಿಯ ಎರಡು ಬದಿಗಳನ್ನು ಹೋಲಿಸಿದಾಗ ದೊಡ್ಡ ಇಳಿಕೆ, ಅದರಲ್ಲೂ ಹಿಂಸಾತ್ಮಕ ಅಪರಾಧಗಳಲ್ಲಿ ಇಳಿಕೆ ಕಂಡಿತು. ಹೊಸ ಗಸ್ತಿನ ಫಲ ತಡವಾಗಿ ಬರುತ್ತದೆ ಎಂಬುದು ಸಂಶೋಧಕರ ವಿವರಣೆ. ನೀವು ಮೂರು ತಿಂಗಳು ನೋಡಿ ನಿಲ್ಲಿಸುವ ಯೋಚನೆಯಲ್ಲಿದ್ದರೆ ಇದನ್ನು ನೆನಪಿಡಿ.

ಕಳ್ಳ ಪಕ್ಕದ ಬೀದಿಗೆ ಹೋಗುತ್ತಾನೆ ಎಂಬ ಹಿರಿಯರ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ, ಆದರೆ ಪೂರ್ತಿಯಾಗಿ ಒಪ್ಪುವಂತೆಯೂ ಇಲ್ಲ. 2009ರಲ್ಲಿ ಫಿಲಡೆಲ್ಫಿಯಾ ನಗರ ಪೊಲೀಸರು ಅಪರಾಧ ದಟ್ಟವಾಗಿದ್ದ 60 ಸ್ಥಳಗಳಲ್ಲಿ ಹೊಸದಾಗಿ ಸೇರಿದ ಪೇದೆಗಳನ್ನು ಇಬ್ಬಿಬ್ಬರಂತೆ ಕಾಲ್ನಡಿಗೆಯಲ್ಲಿ ಗಸ್ತು ಹಾಕಿಸಿದರು. ಹೋಲಿಕೆಗೆ ಇಟ್ಟುಕೊಂಡಿದ್ದ ಸ್ಥಳಗಳಿಗಿಂತ ಅಲ್ಲಿ ಹಿಂಸಾತ್ಮಕ ಅಪರಾಧ ಶೇ 23ರಷ್ಟು ಇಳಿಯಿತು. ಲೆಕ್ಕದಲ್ಲಿ ಹೇಳುವುದಾದರೆ 90 ಅಪರಾಧಗಳು ತಪ್ಪಿದವು, 37 ಅಪರಾಧಗಳು ಸುತ್ತಲಿನ ಬೀದಿಗಳಿಗೆ ಸರಿದವು, ನಿವ್ವಳ ಉಳಿತಾಯ 53. ಆ 37ರಲ್ಲಿ ನಿಮ್ಮ ಪಕ್ಕದ ಬಡಾವಣೆ ಸೇರಿದ್ದರೆ ಅವರಿಗೆ ಈ ನಿವ್ವಳ ಲೆಕ್ಕದಿಂದ ಸಮಾಧಾನವಾಗುವುದಿಲ್ಲ ಎಂಬುದು ಬೇರೆ ಮಾತು. ಗಸ್ತನ್ನು ಹಿಂತೆಗೆದುಕೊಂಡ ಮೇಲೆ ಆ ಲಾಭವೂ ಉಳಿಯಲಿಲ್ಲ.

ಇನ್ನು ಜೀಪಿನ ಡೀಸೆಲ್ ಬಗ್ಗೆ. 1972–73ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ 15 ಬೀಟುಗಳನ್ನು, ಅಂದರೆ ಗಸ್ತಿನ ಪ್ರದೇಶಗಳನ್ನು, ಮೂರು ಗುಂಪು ಮಾಡಿ, ಒಂದರಲ್ಲಿ ವಾಹನ ಗಸ್ತನ್ನು ನಿಲ್ಲಿಸಿ ಕರೆ ಬಂದರೆ ಮಾತ್ರ ಹೋಗುವಂತೆ, ಎರಡನೆಯದರಲ್ಲಿ ಎಂದಿನಂತೆ, ಮೂರನೆಯದರಲ್ಲಿ ಎರಡು ಮೂರು ಪಟ್ಟು ಹೆಚ್ಚಾಗಿ ಗಸ್ತು ನಡೆಸಿ ನೋಡಿದರು. ಅಪರಾಧದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಬರಲಿಲ್ಲ. ಗಸ್ತು ಹೆಚ್ಚಿತೋ ಕಡಿಮೆಯಾಯಿತೋ ಎಂಬುದೇ ನಿವಾಸಿಗಳ ಗಮನಕ್ಕೆ ಬರಲಿಲ್ಲ. ಗೊತ್ತುಗುರಿಯಿಲ್ಲದೆ ಸುತ್ತುವ ವಾಹನಕ್ಕೂ, ಚಿಕ್ಕ ಪ್ರದೇಶದಲ್ಲಿ ಬಿಡದೆ ಕಾಣಿಸಿಕೊಳ್ಳುವ ಮನುಷ್ಯನಿಗೂ ಅಂತರ ಬಹಳ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ 1994ರ ಜುಲೈನಲ್ಲಿ ಯಹೂದಿ ಕೇಂದ್ರದ ಮೇಲೆ ಬಾಂಬ್ ದಾಳಿಯಾದ ನಂತರ ಯಹೂದಿ ಸಂಸ್ಥೆಗಳ ಮುಂದೆ ಹಗಲಿರುಳು ಪೊಲೀಸರನ್ನು ನಿಲ್ಲಿಸಿದಾಗ, ಅವರು ನಿಂತ ಬೀದಿಯಲ್ಲಿ ಕಾರು ಕಳವು ಸುಮಾರು ಶೇ 75ರಷ್ಟು ಇಳಿಯಿತು. ಒಂದೆರಡು ಬೀದಿ ಆಚೆಗೆ ಏನೂ ಇಳಿಯಲಿಲ್ಲ. ಕಾವಲಿನ ನೆರಳು ಅಷ್ಟು ಗಿಡ್ಡ.

ಉತ್ತರ 2: ಒಬ್ಬ ತಾಯಿ, ಹಾಸನ

ಉಪನ್ಯಾಸಕರು ಶಿಕಾಗೊದ ಹೆಸರು ತೆಗೆದದ್ದರಿಂದ ಬರೆಯುತ್ತಿದ್ದೇನೆ. ಮಗಳ ಬಾಣಂತನಕ್ಕೆಂದು ಹೋಗಿ ಐದು ತಿಂಗಳು ನಾನು ಅಲ್ಲಿನ ಹೈಡ್ ಪಾರ್ಕ್ ಎಂಬ ಭಾಗದಲ್ಲಿದ್ದೆ. ಸಂಜೆ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಓಡಾಡುವಾಗ, ವಿಶ್ವವಿದ್ಯಾಲಯ ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಕಾಂಪೌಂಡ್ ಇಲ್ಲ, ಗೇಟಿಲ್ಲ. ವಿಶ್ವವಿದ್ಯಾಲಯದ ಪೊಲೀಸರ ಕಾರನ್ನು ನಗರ ಪೊಲೀಸರದ್ದೆಂದೇ ನಾನು ಬಹಳ ದಿನ ತಿಳಿದಿದ್ದೆ. ಆ ಪೊಲೀಸರ ಸರಹದ್ದಿನಲ್ಲಿ ವಾಸಿಸುವವರು ಸುಮಾರು 65,000 ಜನ, ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳೇ ಅಲ್ಲ ಎಂದು ಅಳಿಯ ಹೇಳಿದಾಗ ಆಶ್ಚರ್ಯವಾಯಿತು. ಒಂದು ಖಾಸಗಿ ಸಂಸ್ಥೆಯ ಪೊಲೀಸರು ಹೊಳೆನರಸೀಪುರದಂತಹ ಪಟ್ಟಣಕ್ಕಿಂತ ದೊಡ್ಡ ಜನಸಂಖ್ಯೆಯನ್ನು ಕಾಯುತ್ತಾರೆ ಎಂದಾಯಿತು.

ನನಗೆ ಧೈರ್ಯ ಕೊಟ್ಟವರು ಮಾತ್ರ ಆ ಕಾರಿನವರಲ್ಲ. ಬೀದಿಯ ಮೂಲೆಗಳಲ್ಲಿ ಕಣ್ಣಿಗೆ ಹೊಡೆಯುವ ಬಣ್ಣದ ಜಾಕೆಟ್ ತೊಟ್ಟು, ಕೈಯಲ್ಲಿ ಆಯುಧವಿಲ್ಲದೆ ನಿಂತಿರುತ್ತಿದ್ದ ಕಾವಲುಗಾರರು. ಚಳಿಯಲ್ಲಿ ಮೂಗು ಕೆಂಪಗೆ ಮಾಡಿಕೊಂಡು ನಿಂತಿರುತ್ತಿದ್ದ ಒಬ್ಬ ಹೆಂಗಸು ನಾಲ್ಕನೆಯ ದಿನದಿಂದಲೇ ಮಗುವಿಗೆ ಕೈ ಬೀಸತೊಡಗಿದಳು. ಎರಡು ವಾರ ಕಳೆಯುವಷ್ಟರಲ್ಲಿ ನಾನು ಬರುವ ಹೊತ್ತು ಅವಳಿಗೆ ಗೊತ್ತಿತ್ತು, ಅವಳು ನಿಲ್ಲುವ ಜಾಗ ನನಗೆ ಗೊತ್ತಿತ್ತು. ನನಗೆ ಇಂಗ್ಲಿಷ್ ಅಷ್ಟಾಗಿ ಬಾರದಿದ್ದರೂ ಅದಕ್ಕೆ ಭಾಷೆ ಬೇಕಾಗಲಿಲ್ಲ.

ಉತ್ತರ 3: ನಿವೃತ್ತ ಎ.ಎಸ್.ಐ., ಹಾಸನ ಜಿಲ್ಲೆ

ಮೂವತ್ತಮೂರು ವರ್ಷ ಇಲಾಖೆಯಲ್ಲಿದ್ದು ನಿವೃತ್ತನಾದವನು ನಾನು. ಉಪನ್ಯಾಸಕರು ಕೊಟ್ಟ ಲೆಕ್ಕಗಳನ್ನು ಓದಿ ಸಂತೋಷವಾಯಿತು, ಏಕೆಂದರೆ ಹಳೆಯ ಬೀಟ್ ವ್ಯವಸ್ಥೆಯಲ್ಲಿ ನಾವು ಕೈಯಾರೆ ಕಂಡಿದ್ದೂ ಅದನ್ನೇ. ನಾನು ಪೇದೆಯಾಗಿ ಸೇರಿದಾಗ ಬ್ಯಾಂಕಿನ ಷಟರ್, ದೇವಸ್ಥಾನದ ಬಾಗಿಲು, ಸಿನಿಮಾ ಟಾಕೀಸಿನ ಗೇಟು ಇಂತಹ ಜಾಗಗಳಲ್ಲಿ ಪುಸ್ತಕ ಇಟ್ಟಿರುತ್ತಿದ್ದರು. ರಾತ್ರಿ ಬೀಟಿನವನು ಅಲ್ಲಿಗೆ ಹೋಗಿ ಹೊತ್ತು ಬರೆದು ಸಹಿ ಹಾಕಬೇಕಿತ್ತು. ಈಗ ಅದೇ ಕೆಲಸ ಮೊಬೈಲಿನಲ್ಲಿ ದಾಖಲಾಗುವ ಇ-ಬೀಟ್ ಆಗಿದೆ. ಪುಸ್ತಕವೋ ಮೊಬೈಲೋ ಮುಖ್ಯವಲ್ಲ. ಒಬ್ಬನಿಗೆ ಒಂದು ಪ್ರದೇಶ, ಅವನ ಹೆಸರು ಅಲ್ಲಿಯವರಿಗೆ ಗೊತ್ತಿರಬೇಕು, ಅಲ್ಲಿಯ ಮನೆಗಳು ಅವನಿಗೆ ಗೊತ್ತಿರಬೇಕು. ಮೇಲಿನ ಅಮ್ಮನವರು ಬರೆದ ಜಾಕೆಟಿನ ಹೆಂಗಸು ನಮ್ಮ ಲೆಕ್ಕದಲ್ಲಿ ಒಳ್ಳೆಯ ಬೀಟ್ ಪೇದೆ.

ಕಾರ್ಯದರ್ಶಿಯವರಿಗೆ ನನ್ನದೊಂದು ಮರುಪ್ರಶ್ನೆ. ನಿಮ್ಮ ಆರು ಪ್ರಕರಣಗಳು ನಡೆದ ಹೊತ್ತು ಯಾವುದು? ನೀವು ಅದನ್ನು ಬರೆದಿಲ್ಲ, ಬಹುಶಃ ಸಭೆಯಲ್ಲೂ ಯಾರೂ ಕೇಳಿಲ್ಲ. ಸರಗಳ್ಳತನ ಸಾಮಾನ್ಯವಾಗಿ ರಾತ್ರಿಯ ಅಪರಾಧವಲ್ಲ. ಬೆಳಗ್ಗೆ ರಂಗೋಲಿ ಹಾಕುವ, ಹಾಲು ತರುವ, ವಾಕಿಂಗಿಗೆ ಹೋಗುವ ಹೊತ್ತು, ಇಲ್ಲವೇ ಸಂಜೆ ದೇವಸ್ಥಾನದಿಂದ ಮರಳುವ ಹೊತ್ತು ಅದಕ್ಕೆ ತಕ್ಕದ್ದು. ಬೈಕಿನಲ್ಲಿ ಇಬ್ಬರು ಬರುತ್ತಾರೆ, ವಿಳಾಸ ಕೇಳುವ ನೆಪ ಹೂಡುತ್ತಾರೆ, ಅರ್ಧ ನಿಮಿಷದಲ್ಲಿ ಹೆದ್ದಾರಿ ಸೇರಿಕೊಳ್ಳುತ್ತಾರೆ. ರಾತ್ರಿ ಹನ್ನೆರಡರಿಂದ ನಾಲ್ಕರವರೆಗೆ ಕಾಲೇಜಿನ ಜೀಪು ಸುತ್ತಿದರೆ ಅವರಿಗೆ ಏನೂ ಆಗುವುದಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಅವರೂ ಮಲಗಿರುತ್ತಾರೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ 304ನೆಯ ಕಲಮಿನಡಿ ಹೀಗೆ ಕಿತ್ತುಕೊಂಡು ಹೋಗುವುದನ್ನು ಪ್ರತ್ಯೇಕ ಅಪರಾಧವಾಗಿ ಹೆಸರಿಸಿದ್ದಾರೆ; ಹಳೆಯ ದಂಡ ಸಂಹಿತೆಯಲ್ಲಿ ಹಾಗಿರಲಿಲ್ಲ.

ಬೀಗ ಹಾಕಿದ ಮನೆಯದ್ದು ಬೇರೆ ಬಗೆ. ಹಗಲು ನೋಡಿಕೊಂಡು ಹೋಗುವವನು ಒಬ್ಬ, ರಾತ್ರಿ ಬರುವವನು ಇನ್ನೊಬ್ಬ. ಗೇಟಿನ ಮುಂದೆ ಎರಡು ದಿನದ ಹಾಲಿನ ಪೊಟ್ಟಣ, ಮೂರು ದಿನದ ಪತ್ರಿಕೆ ಬಿದ್ದಿದ್ದರೆ ಅವನಿಗೆ ಬೇರೆ ಸುಳಿವು ಬೇಡ. ತೋಟದ ಕೊಯ್ಲಿಗೆಂದು ಸಕಲೇಶಪುರ ಕಡೆಗೆ ಹೋಗುವ ನಿಮ್ಮ ಸದಸ್ಯರು ಠಾಣೆಗೆ ಒಂದು ಮಾತು ತಿಳಿಸಿ ಹೋದರೆ, ರಾತ್ರಿ ಬೀಟಿನವನು ಆ ಮನೆಯನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತಾನೆ. ಇದಕ್ಕೆ ಡೀಸೆಲ್ ಬೇಕಿಲ್ಲ.

ಇಲಾಖೆಯ ಕೊರತೆಯನ್ನೂ ಹೇಳಿಬಿಡುತ್ತೇನೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ಕೆಲವೇ ದಿನ ತೆರೆಯುತ್ತದೆ, ಆ ದಿನಗಳಲ್ಲಿ ಲಕ್ಷಗಟ್ಟಲೆ ಜನ ಬರುತ್ತಾರೆ, ನಮ್ಮ ಪೇದೆಗಳು ಸರತಿ ಸಾಲಿನ ಬಂದೋಬಸ್ತಿಗೆ ಹೋಗುತ್ತಾರೆ. ದೀಪಾವಳಿಯ ರಜೆಗೆ ಪಿ.ಜಿ.ಗಳು ಖಾಲಿಯಾಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಸಂಸ್ಥೆಯ ಕಾವಲುಗಾರರ ನೆರವನ್ನು ಕೇಳುವುದಾದರೆ ಅಂತಹ ದಿನಗಳಿಗೆ ಕೇಳಿ, ಅದರಲ್ಲಿ ಅರ್ಥವಿದೆ. ಅವರ ಕೆಲಸ ನೋಡುವುದು ಮತ್ತು 112ಕ್ಕೆ ಕರೆ ಮಾಡುವುದು, ಅಷ್ಟೇ. ಅಟ್ಟಿಸಿಕೊಂಡು ಹೋಗಿ ಹಿಡಿಯುವ ಸಾಹಸ ಬೇಡ. ಚಾಕು ಇರುವ ಕಳ್ಳನ ಹಿಂದೆ ಹನ್ನೆರಡು ಸಾವಿರ ಸಂಬಳದ ಕಾವಲುಗಾರನನ್ನು ಓಡಿಸುವುದು ಯಾವ ನ್ಯಾಯ?

ಉತ್ತರ 4: ವಕೀಲ, ಹಾಸನ

ಕಾನೂನಿನ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ನಮ್ಮಲ್ಲಿ ಕಾಲೇಜುಗಳು ನೇಮಿಸಿಕೊಳ್ಳುವ ಕಾವಲುಗಾರರು ಬಹುತೇಕ ಖಾಸಗಿ ಭದ್ರತಾ ಏಜೆನ್ಸಿಗಳ ಮೂಲಕ ಬರುವವರು. ಆ ಏಜೆನ್ಸಿಗಳಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. ಅವರಿಗೆ ಪೊಲೀಸ್ ಅಧಿಕಾರವಿಲ್ಲ, ಪೊಲೀಸರ ಸಮವಸ್ತ್ರದಂತೆ ಕಾಣುವ ಉಡುಪನ್ನು ತೊಡುವುದೂ ಆ ಕಾಯ್ದೆಯ ಪ್ರಕಾರ ಅಪರಾಧ. ಜಾಮೀನಿಲ್ಲದ ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧವನ್ನು ಕಣ್ಣೆದುರೇ ಮಾಡಿದವನನ್ನು ಹಿಡಿಯುವ ಹಕ್ಕು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮಿನಡಿ ಯಾವುದೇ ಸಾಮಾನ್ಯ ವ್ಯಕ್ತಿಗೆ ಇರುವಷ್ಟೇ ಕಾವಲುಗಾರನಿಗೂ ಇದೆ. ಹಿಡಿದವನನ್ನು ಅನಗತ್ಯ ವಿಳಂಬವಿಲ್ಲದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಸಾರ್ವಜನಿಕ ರಸ್ತೆಯಲ್ಲಿ ಹೋಗುವವರನ್ನು ತಡೆದು ಗುರುತಿನ ಚೀಟಿ ಕೇಳುವ, ಚೀಲ ತೆಗೆಸಿ ನೋಡುವ ಅಧಿಕಾರ ಅವನಿಗೆ ಇಲ್ಲ. ಮೂರನೆಯ ಸದಸ್ಯರ ಪ್ರಶ್ನೆಗೆ ಇದೇ ಉತ್ತರ.

ಪೂರ್ಣ ಅಧಿಕಾರ ಕೊಟ್ಟ ಕಡೆ ಏನಾಯಿತು ಎಂಬುದನ್ನೂ ನೋಡಬೇಕು. 2015ರ ಜುಲೈ 19ರಂದು ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದ ಒಬ್ಬ ಪೊಲೀಸ್ ಅಧಿಕಾರಿ, ಆವರಣದ ಹೊರಗಿನ ಬೀದಿಯಲ್ಲಿ, ಮುಂಭಾಗದ ನಂಬರ್ ಪ್ಲೇಟ್ ಇಲ್ಲ ಎಂಬ ಕಾರಣಕ್ಕೆ ಕಾರನ್ನು ತಡೆದು, ಸ್ಯಾಮುಯೆಲ್ ಡುಬೋಸ್ ಎಂಬ ನಿರಾಯುಧ ಕಪ್ಪು ಜನಾಂಗದ ವ್ಯಕ್ತಿಯನ್ನು ಗುಂಡಿಟ್ಟು ಕೊಂದ. ವಿದ್ಯಾರ್ಥಿಗಳ ಸುರಕ್ಷತೆಗಾಗಿ ಎಂದು ಸುತ್ತಲ ಬೀದಿಗಳಿಗೆ ವಿಸ್ತರಿಸಿದ ಗಸ್ತು ಅಲ್ಲಿ ವಾಹನ ತಪಾಸಣೆಯಾಗಿ ಬೆಳೆದಿತ್ತು. ಅಧಿಕಾರಿಯ ಮೇಲಿನ ವಿಚಾರಣೆ ಎರಡು ಸಲವೂ ಜ್ಯೂರಿಯ ಒಮ್ಮತವಿಲ್ಲದೆ ಕೊನೆಗೊಂಡಿತು. ವಿಶ್ವವಿದ್ಯಾಲಯ ಆ ಕುಟುಂಬಕ್ಕೆ 48.5 ಲಕ್ಷ ಡಾಲರ್ ಪರಿಹಾರವನ್ನೂ ಮಕ್ಕಳಿಗೆ ಉಚಿತ ವ್ಯಾಸಂಗವನ್ನೂ ಒಪ್ಪಿಕೊಂಡಿತು. ಸುರಕ್ಷತೆಯ ಲೆಕ್ಕ ಹಾಕುವಾಗ ಕಡಿಮೆಯಾದ ಕಳ್ಳತನಗಳ ಜೊತೆಗೆ ಇದನ್ನೂ ಅದೇ ಪುಟದಲ್ಲಿ ಬರೆಯಬೇಕು ಎಂದು ನಾನು ಭಾವಿಸುತ್ತೇನೆ. ಶೇಕಡಾವಾರು ಲೆಕ್ಕದಲ್ಲಿ ಇದು ಕಾಣುವುದಿಲ್ಲ.

ಇನ್ನೊಂದು ತೊಡಕು ಉತ್ತರದಾಯಿತ್ವದ್ದು. ಖಾಸಗಿ ವಿಶ್ವವಿದ್ಯಾಲಯವಾದ ನೋಟರ್ ಡೇಮ್‌ನ ಪೊಲೀಸರು ತಮ್ಮ ದಾಖಲೆಗಳನ್ನು ಸಾರ್ವಜನಿಕರಿಗೆ ಕೊಡಬೇಕಾಗಿಲ್ಲ ಎಂದು ಇಂಡಿಯಾನಾ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಹೇಳಿತು. ಬಂಧಿಸುವ ಅಧಿಕಾರ ಸರ್ಕಾರದ್ದು, ದಾಖಲೆ ಮಾತ್ರ ಖಾಸಗಿಯದ್ದು! ನಮ್ಮಲ್ಲಿ ಠಾಣೆಯ ಮೇಲೆ ದೂರಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಪೊಲೀಸ್ ದೂರು ಪ್ರಾಧಿಕಾರಕ್ಕೆ ಹೋಗಬಹುದು. ಖಾಸಗಿ ಕಾಲೇಜಿನ ಕಾವಲುಗಾರ ನಿಮ್ಮ ಬೀದಿಯಲ್ಲಿ ಅತಿರೇಕ ಮಾಡಿದರೆ ಯಾರಿಗೆ ಅರ್ಜಿ ಕೊಡುತ್ತೀರಿ? ಸಂಸ್ಥೆಯೊಂದಿಗೆ ಏನೇ ಮಾತಾಡಿದರೂ ಬರಹದಲ್ಲಿರಲಿ, ಠಾಣೆಗೂ ಅದರ ಪ್ರತಿ ಹೋಗಲಿ.

ಉತ್ತರ 5: ವಿದ್ಯಾರ್ಥಿನಿ, ಹಾಸನದ ಒಂದು ಪಿ.ಜಿ.

ಈ ಚರ್ಚೆಯಲ್ಲಿ ಇದುವರೆಗೆ ವಿದ್ಯಾರ್ಥಿಗಳು ಯಾರೂ ಮಾತಾಡಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕಾರ್ಯದರ್ಶಿಯವರ ಪ್ರಶ್ನೆಯಲ್ಲಿ ಪಿ.ಜಿ.ಗಳ ಉಲ್ಲೇಖವಾದ ಮರುವಾಕ್ಯಗಳಲ್ಲೇ ಕಳ್ಳತನದ ಮಾತು ಬಂದಿದೆ. ಸರ್, ತಾವು ಹಾಗೆ ಉದ್ದೇಶಿಸಿಲ್ಲದಿರಬಹುದು, ಆದರೆ ಓದುವವರಿಗೆ ಒಂದು ಇನ್ನೊಂದಕ್ಕೆ ಕಾರಣವೆಂಬಂತೆ ಕಾಣುತ್ತದೆ. ನಮ್ಮ ಪಿ.ಜಿ.ಯಲ್ಲಿ ಈ ವರ್ಷ ಎರಡು ಲ್ಯಾಪ್‌ಟಾಪ್ ಹೋಗಿವೆ, ಒಬ್ಬಳ ಫೋನನ್ನು ಬೀದಿಯಲ್ಲೇ ಕಿತ್ತುಕೊಂಡಿದ್ದಾರೆ. ಯಾರೂ ದೂರು ಕೊಡಲಿಲ್ಲ. ಮನೆಯವರಿಗೆ ತಿಳಿದರೆ ಓದು ಬಿಡಿಸಿ ಕರೆದುಕೊಂಡು ಹೋಗುತ್ತಾರೆ ಎಂಬ ಭಯ. ಆದ್ದರಿಂದ ತಮ್ಮ ಆರರ ಲೆಕ್ಕದಲ್ಲಿ ನಮ್ಮ ಮೂರು ಸೇರಿಲ್ಲ.

ಅಮೆರಿಕದಲ್ಲಿ ಇದಕ್ಕೊಂದು ಕಾನೂನಿದೆ. 1986ರಲ್ಲಿ ಲೀಹೈ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದಲ್ಲಿ ಕೊಲೆಯಾದ ಜೀನ್ ಕ್ಲೆರಿ ಎಂಬ 19 ವರ್ಷದ ಹುಡುಗಿಯ ತಂದೆತಾಯಿಯ ಹೋರಾಟದಿಂದ 1990ರಲ್ಲಿ ಬಂದ ಕಾನೂನು ಅದು. ಆವರಣದ ಮಾತ್ರವಲ್ಲ, ಆವರಣಕ್ಕೆ ಹೊಂದಿಕೊಂಡ ಸಾರ್ವಜನಿಕ ಜಾಗದ ಅಪರಾಧಗಳ ಲೆಕ್ಕವನ್ನೂ ಸಂಸ್ಥೆ ಪ್ರತಿ ವರ್ಷ ಪ್ರಕಟಿಸಬೇಕು. ನಮ್ಮಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ 2015ರಲ್ಲಿ ಆವರಣದ ಒಳಗೂ ಹೊರಗೂ ವಿದ್ಯಾರ್ಥಿಗಳ ಸುರಕ್ಷತೆಯ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಆದರೆ ಗೇಟಿನ ಹೊರಗೆ ಏನಾಗುತ್ತಿದೆ ಎಂದು ಬರೆದಿಡುವ ಪುಸ್ತಕ ನನಗೆ ತಿಳಿದಂತೆ ಇಲ್ಲಿನ ಯಾವ ಕಾಲೇಜಿನಲ್ಲೂ ಕಂಡಿಲ್ಲ.

ಭದ್ರತೆ ಎಂದಾಗ ನಮಗಿರುವ ಇನ್ನೊಂದು ಭಯವನ್ನೂ ಹೇಳುತ್ತೇನೆ. 2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಅತ್ಯಾಚಾರ ಪ್ರಕರಣ ನಡೆದ ನಂತರ, ಸಂಜೆ 6.30ರ ಮೇಲೆ ವಿದ್ಯಾರ್ಥಿನಿಯರು ಒಬ್ಬರೇ ಓಡಾಡಬಾರದು ಎಂದು ಮೈಸೂರು ವಿಶ್ವವಿದ್ಯಾಲಯ ಸುತ್ತೋಲೆ ಹೊರಡಿಸಿ, ವಿರೋಧ ಬಂದ ಮೇಲೆ ಹಿಂತೆಗೆದುಕೊಂಡಿತು. ಕಾವಲು ಹೊರಗೆ ಬಂದ ಕೂಡಲೇ ನಮ್ಮನ್ನು ಒಳಗೆ ಕಳಿಸುವ ಕೆಲಸ ಶುರುವಾಗುತ್ತದೆ ಎಂಬುದು ನಮ್ಮ ಅನುಭವ. ನಮಗೆ ಬೇಕಾಗಿರುವುದು ಜೀಪಲ್ಲ. ಗ್ರಂಥಾಲಯ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಹಿಂದಿನ ಗೇಟಿನಿಂದ ಮೊದಲ ಅಡ್ಡರಸ್ತೆಯವರೆಗೆ ದೀಪವಿಲ್ಲದ ಸುಮಾರು ಇನ್ನೂರು ಹೆಜ್ಜೆ ದಾರಿಯಿದೆ. ಅಲ್ಲಿ ಒಂಬತ್ತರಿಂದ ಹತ್ತರವರೆಗೆ ಒಬ್ಬರು ನಿಂತಿದ್ದರೆ ಸಾಕು.

ಕಾರ್ಯದರ್ಶಿಯ ಮರುಬರಹ

ಎಲ್ಲರಿಗೂ ಕೃತಜ್ಞತೆಗಳು. ತಂಗಿ, ನೀನು ತೋರಿಸಿದ ತಪ್ಪನ್ನು ಒಪ್ಪುತ್ತೇನೆ. ಬರೆಯುವಾಗ ನನಗದು ಹೊಳೆದಿರಲಿಲ್ಲ.

ಎ.ಎಸ್.ಐ. ಸಾಹೇಬರ ಮರುಪ್ರಶ್ನೆಯನ್ನು ಹಿಡಿದುಕೊಂಡು ಮನೆಮನೆಗೆ ಹೋಗಿ ವಿಚಾರಿಸಿದೆ. ಸರಗಳ್ಳತನ ಎರಡೂ ಬೆಳಗ್ಗೆ ಆರರಿಂದ ಏಳರ ನಡುವೆ. ಬೈಕುಗಳಲ್ಲಿ ಎರಡು ಸಂಜೆ ಬೇಕರಿಯ ಮುಂದಿನಿಂದಲೇ ಹೋಗಿವೆ, ಹ್ಯಾಂಡಲ್ ಲಾಕ್ ಹಾಕಿರಲಿಲ್ಲ ಎಂದು ಮಾಲೀಕರೇ ಒಪ್ಪಿದರು. ಮೂರನೆಯ ಬೈಕು ಮತ್ತು ಮನೆಯ ಬಾಗಿಲು ಮಾತ್ರ ರಾತ್ರಿಯ ಕೆಲಸ. ಆ ಮನೆಯವರು ತೋಟದಲ್ಲಿದ್ದರು, ಠಾಣೆಗೆ ತಿಳಿಸಿರಲಿಲ್ಲ. ಅಂದರೆ ನಾವು ಡೀಸೆಲ್ ಕೊಡಲು ಹೊರಟಿದ್ದ ಜೀಪು ಆರರಲ್ಲಿ ನಾಲ್ಕಕ್ಕೆ ಸಂಬಂಧವೇ ಇಲ್ಲದ ಹೊತ್ತಿನಲ್ಲಿ ಸುತ್ತುತ್ತಿತ್ತು. ಸಲಹೆ ಕೊಟ್ಟ ಸದಸ್ಯರಿಗೆ ಇದನ್ನು ತೋರಿಸಿದಾಗ ಅವರೇ ನಕ್ಕರು.

ಸಂಸ್ಥೆಗೆ ಕೊಡುವ ಪತ್ರವನ್ನು ಹೀಗೆ ಬರೆದಿದ್ದೇನೆ. ಬೆಳಗ್ಗೆ ಆರರಿಂದ ಏಳು ಮತ್ತು ರಾತ್ರಿ ಒಂಬತ್ತರಿಂದ ಹತ್ತು, ಈ ಎರಡು ಹೊತ್ತಿನಲ್ಲಿ ಹಿಂದಿನ ಗೇಟಿನ ಹೊರಗೆ ಇಬ್ಬರು ಕಾವಲುಗಾರರು, ಸಾಧ್ಯವಾದಷ್ಟೂ ಅದೇ ಇಬ್ಬರು, ನಿಲ್ಲಬೇಕು. ಯಾರನ್ನೂ ತಡೆಯಬಾರದು, ಗುರುತಿನ ಚೀಟಿ ಕೇಳಬಾರದು. ಕಂಡದ್ದನ್ನು ಪುಸ್ತಕದಲ್ಲಿ ಬರೆಯಬೇಕು, ಬೇಕಾದಾಗ 112ಕ್ಕೆ ಕರೆ ಮಾಡಬೇಕು. ಆ ಪುಸ್ತಕವನ್ನು ತಿಂಗಳಿಗೊಮ್ಮೆ ಸಂಘ, ಬೀಟ್ ಪೇದೆ ಮತ್ತು ಪಿ.ಜಿ.ಗಳ ಇಬ್ಬರು ಪ್ರತಿನಿಧಿಗಳು ಕೂತು ನೋಡಬೇಕು. ಒಂದು ವರ್ಷ ನಡೆಸಿ ನೋಡುವುದು, ಅದಕ್ಕೆ ಮೊದಲು ನಿಲ್ಲಿಸುವುದಿಲ್ಲ. ಪತ್ರದ ಪ್ರತಿ ಠಾಣೆಗೂ, ಪಕ್ಕದ ಬಡಾವಣೆಯ ಸಂಘಕ್ಕೂ ಹೋಗುತ್ತದೆ. ಕಳ್ಳ ಅವರ ಕಡೆಗೆ ಸರಿದರೆ ನಮಗೆ ತಿಳಿಯಬೇಕಾದದ್ದು ಅವರಿಂದಲೇ ತಾನೇ.

ಉತ್ತರ 3ರ ಲೇಖಕರಿಂದ: ಪತ್ರ ಚೆನ್ನಾಗಿದೆ. ಆದರೆ ಆ ಇನ್ನೂರು ಹೆಜ್ಜೆಯ ದೀಪ ಎಲ್ಲಿ ಹೋಯಿತು? ಕಾವಲುಗಾರ ಕತ್ತಲಲ್ಲಿ ನಿಂತರೆ ಅವನೂ ಕಾಣುವುದಿಲ್ಲ. ಕಂಬಗಳು ಸಂಸ್ಥೆಯ ಜಾಗದಲ್ಲಿವೆಯೋ ನಗರಾಡಳಿತದ ರಸ್ತೆಯಲ್ಲಿವೆಯೋ ಮೊದಲು ನೋಡಿ. ಕಂಬದ ಸಂಖ್ಯೆ ಬರೆಯದ ಅರ್ಜಿಗೆ ಯಾವ ಕಚೇರಿಯಲ್ಲೂ ಕಾಲು ಬರುವುದಿಲ್ಲ.

ಕಾರ್ಯದರ್ಶಿ: ನೋಡಿಲ್ಲ ಸರ್. ಇವತ್ತು ರಾತ್ರಿ ಒಂಬತ್ತಕ್ಕೆ, ಗ್ರಂಥಾಲಯ ಮುಚ್ಚುವ ಹೊತ್ತಿಗೇ ಟಾರ್ಚ್ ಹಿಡಿದು ಹೋಗಿ ಬರೆದುಕೊಂಡು ಬರುತ್ತೇನೆ.